ಸಂಕಟದ ಕರೆಗೆ ಬೆಲೆ ಕಟ್ಟಬಹುದೇ?

ಪ್ರಯಾಣಕ್ಕೂ ಅಪಾಯಕ್ಕೂ ಇರುವ ನಂಟು ಇಂದು ನಿನ್ನೆಯದಲ್ಲ. ಎತ್ತುಗಳ ಮೇಲೆ ಸರಕು ಹೇರಿಕೊಂಡು ಕಾಡುದಾರಿಗಳಲ್ಲಿ ಊರಿಂದೂರಿಗೆ ಸಾಗುತ್ತಿದ್ದ ಕಾಲದಲ್ಲಿ ವರ್ತಕರು ಒಬ್ಬೊಬ್ಬರಾಗಿ ಹೊರಡುತ್ತಿರಲಿಲ್ಲ. ಹತ್ತಾರು ಮಂದಿ ಕೂಡಿ ಸಾರ್ಥವನ್ನು ಕಟ್ಟಿಕೊಂಡು, ಅನುಭವಿಯಾದ ಒಬ್ಬ ಸಾರ್ಥವಾಹನನ್ನು ಮುಂದಿಟ್ಟುಕೊಂಡು ನಡೆಯುತ್ತಿದ್ದರು. ಪ್ರಾಚೀನ ಜೈನ ಕಥಾಸಾಹಿತ್ಯದಲ್ಲಿ ಈ ಸಾರ್ಥವಾಹನು ಮತ್ತೆ ಮತ್ತೆ ಕಾಣಿಸಿಕೊಳ್ಳುವ ಪಾತ್ರ. ಸಾರ್ಥದಲ್ಲಿ ನಡೆಯುವವನು ದಾರಿಯಲ್ಲಿ ಬಿದ್ದರೆ ಹಿಂದೆ ಬರುವವನಿಗೆ ತಿಳಿಯುತ್ತಿತ್ತು. ಕೂಗಿದರೆ ಯಾರಾದರೂ ಓಗೊಡುತ್ತಿದ್ದರು. ಸರಕಿನ ರಕ್ಷಣೆಗಿಂತಲೂ ಇದೇ ಸಾರ್ಥದ ದೊಡ್ಡ ಲಾಭವಾಗಿತ್ತು.

ಮೋಟಾರು ಕಾರು ಮನುಷ್ಯನಿಗೆ ವೇಗವನ್ನು ಕೊಟ್ಟಿತು. ಆದರೆ ಈ ಸಹಪ್ರಯಾಣವನ್ನು ಅವನಿಂದ ಕಿತ್ತುಕೊಂಡಿತು. ಎಷ್ಟೇ ಬೆಲೆಬಾಳುವ ಕಾರಾಗಲಿ, ಅಪರಾತ್ರಿಯಲ್ಲಿ ಹೆದ್ದಾರಿಯ ಪಕ್ಕದ ಹಳ್ಳಕ್ಕೆ ಉರುಳಿದರೆ ಅದರೊಳಗಿರುವವನು ಏಕಾಂಗಿ. ಅವನ ಐಶ್ವರ್ಯವು ಆ ಹೊತ್ತಿನಲ್ಲಿ ಒಂದು ಲೋಟ ನೀರನ್ನೂ ತಂದುಕೊಡಲಾರದು. ಕಳೆದುಹೋದ ಆ ಸಹಪ್ರಯಾಣವನ್ನು ಯಂತ್ರದ ಮೂಲಕ ಮರಳಿ ಒದಗಿಸುವ ಪ್ರಯತ್ನವೇ ಐಷಾರಾಮಿ ಕಾರುಗಳಲ್ಲಿ ಅಳವಡಿಸಲಾಗುವ ತುರ್ತು ನೆರವಿನ ವ್ಯವಸ್ಥೆ. ಅದರ ಉಪಯುಕ್ತತೆಯ ಬಗ್ಗೆ ಹೆಚ್ಚಿನ ವಾದವಿಲ್ಲ. ಆದರೆ ಅದರ ನೈತಿಕ ಮೌಲ್ಯವೇನು? ನೆರವನ್ನು ಮಾರಾಟದ ವಸ್ತುವಾಗಿಸಬಹುದೇ? ಮಾರಬಹುದಾದರೆ ಯಾವ ಎಲ್ಲೆಯವರೆಗೆ? ಈ ಪ್ರಶ್ನೆಗಳು ವ್ಯಾಪಾರವನ್ನೇ ವೃತ್ತಿಯಾಗಿಯೂ ಧರ್ಮವನ್ನು ಬಾಳಿನ ದಾರಿಯಾಗಿಯೂ ಹಿಡಿದ ಕುಟುಂಬಗಳು ವಿಚಾರ ಮಾಡಬೇಕಾದಂಥವು.

ವ್ಯವಸ್ಥೆಯ ಸ್ವರೂಪ

ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1996ರಲ್ಲಿ ತನ್ನ ಕ್ಯಾಡಿಲಾಕ್ ಕಾರುಗಳಿಗಾಗಿ ಆನ್‌ಸ್ಟಾರ್ ಎಂಬ ಸೇವೆಯನ್ನು ಆರಂಭಿಸಿತು. ಕ್ಯಾಡಿಲಾಕ್ ಆ ದೇಶದಲ್ಲಿ ಸಿರಿವಂತಿಕೆಯ ಗುರುತೆಂದೇ ಹೆಸರಾದ ಕಾರು. ಮುಂದಿನ ಕೆಲವೇ ವರ್ಷಗಳಲ್ಲಿ ಜರ್ಮನಿಯ ಮರ್ಸಿಡಿಸ್, ಸ್ವೀಡನ್ನಿನ ವೋಲ್ವೊ ಮುಂತಾದ ಕಾರುಗಳಲ್ಲಿಯೂ ಇಂತಹ ಸೇವೆಗಳು ಬಂದವು. ಇವುಗಳ ಕಾರ್ಯವಿಧಾನವು ಮೂಲತಃ ಒಂದೇ. ಅಪಘಾತದ ಹೊಡೆತವನ್ನು ಗ್ರಹಿಸಿ ಏರ್‌ಬ್ಯಾಗನ್ನು ಅರಳಿಸುವ ಉಪಕರಣವೇ ಕಾರಿನೊಳಗಿನ ದೂರವಾಣಿಗೂ ಸೂಚನೆ ಕೊಡುತ್ತದೆ. ಉಪಗ್ರಹಗಳ ನೆರವಿನಿಂದ ಕಾರು ತಾನಿರುವ ಸ್ಥಳವನ್ನು ತಿಳಿದುಕೊಳ್ಳುತ್ತದೆ. ಮೊಬೈಲ್ ಜಾಲದ ಮೂಲಕ ಕರೆಯು ಒಂದು ಕೇಂದ್ರವನ್ನು ಮುಟ್ಟುತ್ತದೆ. ಅಲ್ಲಿ ಕುಳಿತ ಸಿಬ್ಬಂದಿ ಕಾರಿನೊಳಗಿನ ಧ್ವನಿಪೆಟ್ಟಿಗೆಯ ಮೂಲಕ ಯೋಗಕ್ಷೇಮವನ್ನು ವಿಚಾರಿಸುತ್ತಾರೆ. ಉತ್ತರ ಬಂದರೆ ಸರಿ. ಬಾರದಿದ್ದರೆ ಆ ಮೌನವನ್ನೇ ಉತ್ತರವೆಂದು ತಿಳಿದು, ಸಮೀಪದ ಪೊಲೀಸರಿಗೂ ಆಂಬುಲೆನ್ಸಿಗೂ ಸ್ಥಳವನ್ನು ತಿಳಿಸುತ್ತಾರೆ. ಅಪಘಾತವಾಗದೆ ಬೇರೆ ತೊಂದರೆಗೆ ಸಿಲುಕಿದವರು ಒತ್ತುವುದಕ್ಕೆಂದು ಒಂದು ಗುಂಡಿಯೂ ಇರುತ್ತದೆ.

ಗಾಯಗೊಂಡವನ ಪಾಲಿಗೆ ಮೊದಲ ಒಂದು ಗಂಟೆ ಎಷ್ಟು ಅಮೂಲ್ಯವೆಂಬುದನ್ನು ವೈದ್ಯರು ಬಹುಕಾಲದಿಂದ ಹೇಳುತ್ತ ಬಂದಿದ್ದಾರೆ. ಭಾರತದ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯು ಈ ಒಂದು ಗಂಟೆಯನ್ನು 'ಸುವರ್ಣ ಗಂಟೆ' ಎಂಬ ಅರ್ಥದ ಪದದಿಂದಲೇ ನಿರೂಪಿಸಿದೆ. ವಿಮೆ ಮತ್ತು ಈ ವ್ಯವಸ್ಥೆಗಳ ನಡುವಿನ ಭೇದವು ಇಲ್ಲಿಯೇ ಇದೆ. ವಿಮೆಯು ನಷ್ಟವಾದ ಮೇಲೆ ಹಣವನ್ನು ತುಂಬಿಕೊಡುತ್ತದೆ. ಇದು ನಷ್ಟವೇ ದೊಡ್ಡದಾಗದಂತೆ ನೋಡಿಕೊಳ್ಳಲು ಯತ್ನಿಸುತ್ತದೆ. ಹೋದ ಜೀವಕ್ಕೆ ಪರಿಹಾರಧನವು ಯಾವ ಲೆಕ್ಕದಿಂದಲೂ ಸಮನಾಗದಿರುವುದರಿಂದ, ಎರಡನೆಯದರ ಮೌಲ್ಯ ಒಂದು ತೂಕ ಹೆಚ್ಚೆಂದೇ ಹೇಳಬೇಕು.

ವಿಲಾಸವೋ, ಅವಶ್ಯಕತೆಯೋ?

ಪರಿಗ್ರಹಕ್ಕೆ ಮಿತಿಯನ್ನು ಹಾಕಿಕೊಂಡ ಗೃಹಸ್ಥನು ಮೊದಲು ಕೇಳಬೇಕಾದ ಪ್ರಶ್ನೆ ಇದು. ಕಾರಿನ ಆಸನಕ್ಕೆ ಹೊದಿಸಿದ ದುಬಾರಿ ಹೊದಿಕೆಯೂ ಈ ನೆರವಿನ ವ್ಯವಸ್ಥೆಯೂ ಒಂದೇ ಬೆಲೆಪಟ್ಟಿಯಲ್ಲಿ ಮೇಲೆ ಕೆಳಗೆ ಅಚ್ಚಾಗಿರುತ್ತವೆ. ಅಷ್ಟರಿಂದಲೇ ಎರಡೂ ಒಂದೇ ಜಾತಿಯವು ಎಂದು ತೀರ್ಮಾನಿಸಲಾಗದು. ಹೊದಿಕೆಯು ಇಂದ್ರಿಯಸುಖಕ್ಕೆ ಸೇರಿದ್ದು. ಇನ್ನೊಂದು ಪ್ರಾಣರಕ್ಷಣೆಗೆ ಸೇರಿದ್ದು. ಒಂದು ವಸ್ತು ಎಲ್ಲಿ ಮಾರಾಟವಾಗುತ್ತದೆ ಎಂಬುದರಿಂದಲ್ಲ, ಅದು ಯಾವ ಉದ್ದೇಶವನ್ನು ಸಾಧಿಸುತ್ತದೆ ಎಂಬುದರಿಂದ ಅದರ ಸ್ವರೂಪವನ್ನು ನಿರ್ಣಯಿಸಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕಾರುಗಳ ಸುರಕ್ಷತಾ ಸಾಧನಗಳಲ್ಲಿ ಅನೇಕವು ಮೊದಲು ಸಿರಿವಂತರ ಕಾರುಗಳಲ್ಲಿಯೇ ಕಾಣಿಸಿಕೊಂಡವು. ಚಕ್ರಗಳು ಬಿಗಿದುಕೊಂಡು ಜಾರದಂತೆ ತಡೆಯುವ ಬ್ರೇಕು 1978ರಲ್ಲಿ, ಚಾಲಕನ ಏರ್‌ಬ್ಯಾಗು 1981ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರುಗಳ ಮೂಲಕ ಮಾರುಕಟ್ಟೆಗೆ ಬಂದವು. ಮುಂದೆ ಉತ್ಪಾದನೆ ಹೆಚ್ಚಿ, ಬೆಲೆ ಇಳಿದು, ಅವು ಸಾಮಾನ್ಯ ಕಾರುಗಳಿಗೂ ಬಂದವು. ಭಾರತದಲ್ಲಿ ಚಾಲಕನ ಏರ್‌ಬ್ಯಾಗು 2019ರ ಜುಲೈ 1ರಿಂದ ಕಡ್ಡಾಯವಾಯಿತು. ಹೊಸ ಸಾಧನವೊಂದರ ಮೊದಲ ಪ್ರಯೋಗದ ಭಾರವನ್ನು ಹಣವುಳ್ಳವರು ಹೊತ್ತರೆ, ಅದರ ಫಲವು ಕಾಲಾನಂತರದಲ್ಲಿ ಉಳಿದವರಿಗೂ ದೊರೆಯುತ್ತದೆ ಎಂಬ ಮಾತಿನಲ್ಲಿ ಹುರುಳಿದೆ. ಆದರೆ ಇದರಿಂದ ಕೊಂಡವನಿಗೆ ಪುಣ್ಯ ಬಂತೆಂದು ಭಾವಿಸಲು ಕಾರಣವಿಲ್ಲ. ಅವನು ಕೊಂಡದ್ದು ತನ್ನ ಸಲುವಾಗಿ. ಭಾವದಲ್ಲಿ ಇಲ್ಲದ ಪರೋಪಕಾರವನ್ನು ಫಲದಲ್ಲಿ ತೋರಿಸಿ ಜಮಾ ಕಟ್ಟಿಕೊಳ್ಳುವುದು ಸರಿಯಾದ ಲೆಕ್ಕವಲ್ಲ.

ಇಲ್ಲಿ ವೋಲ್ವೊ ಸಂಸ್ಥೆಯ ಇತಿಹಾಸದ ಒಂದು ಘಟನೆಯನ್ನು ನೆನೆಯುವುದು ಉಚಿತ. ಇಂದು ಎಲ್ಲ ಕಾರುಗಳಲ್ಲಿ ಕಾಣುವ, ಎದೆಗೂ ಸೊಂಟಕ್ಕೂ ಸೇರಿಸಿ ಕಟ್ಟಿಕೊಳ್ಳುವ ಸೀಟುಬೆಲ್ಟನ್ನು ಅಲ್ಲಿನ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದರು. 1959ರಲ್ಲಿ ಅದು ಕಾರುಗಳಲ್ಲಿ ಬಂತು. ಅದರ ಪೇಟೆಂಟು ಸಂಸ್ಥೆಯ ಕೈಯಲ್ಲಿದ್ದರೂ ಇತರ ತಯಾರಕರೂ ಅದನ್ನು ಬಳಸಿಕೊಳ್ಳಲು ಅವಕಾಶ ಕೊಡಲಾಯಿತು. ಸಂಸ್ಥೆಯು ಕಾರು ಮಾರುವುದನ್ನು ಬಿಡಲಿಲ್ಲ, ಲಾಭವನ್ನೂ ಬಿಡಲಿಲ್ಲ. ಪ್ರಾಣ ಉಳಿಸುವ ಒಂದು ವಿದ್ಯೆಯನ್ನು ಮಾತ್ರ ಬೀಗ ಹಾಕಿ ಇಟ್ಟುಕೊಳ್ಳಲಿಲ್ಲ. ವ್ಯಾಪಾರಕ್ಕೂ ದಯೆಗೂ ವಿರೋಧವಿರಲೇಬೇಕಿಲ್ಲ ಎಂಬುದಕ್ಕೆ ಇಷ್ಟು ಸಾಕು.

ನೆರವು ಅಜಾಗರೂಕತೆಗೆ ಎಡೆಮಾಡುವುದೇ?

ಕೆಲವರು ಮತ್ತೊಂದು ಆಕ್ಷೇಪವನ್ನು ಎತ್ತುತ್ತಾರೆ. ರಕ್ಷಣೆ ಹೆಚ್ಚಿದಷ್ಟೂ ಮನುಷ್ಯನ ಎಚ್ಚರಿಕೆ ಕಡಿಮೆಯಾಗುತ್ತದೆ ಎಂಬುದೇ ಆ ಆಕ್ಷೇಪ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಸುರಕ್ಷತಾ ನಿಯಮಗಳಿಂದ ದೊರೆತ ಲಾಭವನ್ನು ಚಾಲಕರ ಹೆಚ್ಚಿದ ಸಾಹಸವು ನುಂಗಿಹಾಕುತ್ತದೆಂದು ವಾದಿಸಿದರು. ಅವರ ಲೆಕ್ಕಾಚಾರವನ್ನು ಅನೇಕ ವಿದ್ವಾಂಸರು ಒಪ್ಪಲಿಲ್ಲ. ಆದರೂ ವಾದದ ಹಿಂದಿರುವ ಮನುಷ್ಯಸ್ವಭಾವದ ಅರಿವು ಸುಳ್ಳಲ್ಲ. ಹಿಂಸೆಯ ಬೇರನ್ನು ಪ್ರಮಾದದಲ್ಲಿ ಗುರುತಿಸುವ ಜೈನದೃಷ್ಟಿಗೆ ಇದು ಹೊಸ ವಿಷಯವೂ ಅಲ್ಲ. ಚಕ್ರದಡಿಗೆ ಜೀವಿಯೊಂದು ಸಿಲುಕಿತೆಂಬುದಕ್ಕಿಂತ, ನಡೆಸುವವನ ಚಿತ್ತವು ಎಲ್ಲಿತ್ತು ಎಂಬುದನ್ನು ಆ ದೃಷ್ಟಿಯು ಮೊದಲು ಕೇಳುತ್ತದೆ.

ಆದರೆ ತುರ್ತು ನೆರವಿನ ವ್ಯವಸ್ಥೆಗೆ ಈ ಆಕ್ಷೇಪವು ಪೂರ್ಣವಾಗಿ ಹೊಂದುವುದಿಲ್ಲ. ಅಪಘಾತವನ್ನೇ ತಡೆಯುತ್ತೇನೆಂದು ಭರವಸೆ ಕೊಡುವ ಸಾಧನವು ಚಾಲಕನನ್ನು ಮೈಮರೆಸಬಹುದು. ಅಪಘಾತವಾದ ಬಳಿಕ ಕರೆ ಮಾಡುತ್ತೇನೆಂದು ಹೇಳುವ ಸಾಧನವು ಮುರಿಯುವ ಮೂಳೆಯ ನೋವನ್ನು ಕಡಿಮೆ ಮಾಡುವುದಿಲ್ಲ. ಆಂಬುಲೆನ್ಸು ಬೇಗ ಬರುತ್ತದೆಂಬ ಧೈರ್ಯದಿಂದ ಯಾರೂ ಗೋಡೆಗೆ ಕಾರನ್ನು ನುಗ್ಗಿಸುವುದಿಲ್ಲ. ಆಸ್ಪತ್ರೆಯಿದೆಯೆಂದು ರೋಗವನ್ನು ಬರಮಾಡಿಕೊಳ್ಳುವವರಿಲ್ಲ. ಆಸ್ಪತ್ರೆ ಕಟ್ಟಿಸಿದವರನ್ನು ರೋಗದ ಕಾರಣರೆಂದು ದೂರುವವರೂ ಇಲ್ಲ. ಆದ್ದರಿಂದ ಈ ಆಕ್ಷೇಪವನ್ನು ಎಚ್ಚರಿಕೆಯ ಮಾತಾಗಿ ಸ್ವೀಕರಿಸಬಹುದೇ ಹೊರತು ನಿಷೇಧದ ಮಾತಾಗಿ ಅಲ್ಲ.

ಚಂದಾ ಮುಗಿದವನ ಕರೆ

ಈಗ ಮುಖ್ಯ ಪ್ರಶ್ನೆಗೆ ಬರಬೇಕು. ಈ ಸೇವೆಗಳಲ್ಲಿ ಬಹುಪಾಲು ಚಂದಾದ ಮೇಲೆ ನಡೆಯುವಂಥವು. ಕಾರು ಕೊಂಡ ಮೊದಲ ಕೆಲವು ತಿಂಗಳು ಅಥವಾ ವರ್ಷ ಉಚಿತ; ಆಮೇಲೆ ಹಣ ಕಟ್ಟಿದವರಿಗಷ್ಟೇ ಸೇವೆ. ಇದರಲ್ಲಿ ತಾನಾಗಿ ಅಧರ್ಮವೇನೂ ಇಲ್ಲ. ಹಗಲಿರುಳು ಕರೆಗಾಗಿ ಕಾದು ಕುಳಿತವರಿಗೆ ಸಂಬಳ ಕೊಡಬೇಕು. ದೂರವಾಣಿ ಜಾಲದವರಿಗೆ ಬಾಡಿಗೆ ತೆರಬೇಕು. ನ್ಯಾಯವಾದ ಸೇವೆಗೆ ನ್ಯಾಯವಾದ ಬೆಲೆಯನ್ನು ಪಡೆಯುವುದು ವರ್ತಕಧರ್ಮವೇ ಆಗಿದೆ.

ಆದರೆ 2023ರ ಫೆಬ್ರವರಿಯಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಲಿಬರ್ಟಿವಿಲ್ ಎಂಬ ಊರಿನ ಬಳಿ ನಡೆದ ಘಟನೆಯೊಂದು ಈ ಸರಳ ತರ್ಕವನ್ನು ಕಠಿಣ ಪರೀಕ್ಷೆಗೆ ಒಡ್ಡಿತು. ಗರ್ಭಿಣಿಯೊಬ್ಬಳು ಇಬ್ಬರು ಮಕ್ಕಳೊಡನೆ ಮನೆಗೆ ಬಂದು, ಒಂದು ಮಗುವನ್ನು ಒಳಗೆ ಬಿಟ್ಟು, ಎರಡು ವರ್ಷದ ಇನ್ನೊಂದು ಮಗುವನ್ನು ಕರೆದೊಯ್ಯಲು ಮರಳಿ ಬರುವಷ್ಟರಲ್ಲಿ ಕಳ್ಳರು ಅವಳನ್ನು ಹೊಡೆದುರುಳಿಸಿ, ಮಗುವಿನ ಸಮೇತ ಕಾರನ್ನು ಕದ್ದೊಯ್ದರು. ಹೋಗುವಾಗ ಕಾರನ್ನು ಅವಳ ಮೇಲೆಯೇ ಹಾಯಿಸಿದರು. ಅದು ಫೋಕ್ಸ್‌ವ್ಯಾಗನ್ ಸಂಸ್ಥೆಯ ಕಾರು. ಅದರಲ್ಲಿ ಸ್ಥಳವನ್ನು ಗುರುತಿಸುವ ವ್ಯವಸ್ಥೆಯೂ ಇತ್ತು. ಪೊಲೀಸ್ ಅಧಿಕಾರಿಯು ಸೇವಾಕೇಂದ್ರಕ್ಕೆ ಕರೆ ಮಾಡಿ ಕಾರು ಎಲ್ಲಿದೆಯೆಂದು ಕೇಳಿದಾಗ ಬಂದ ಉತ್ತರವೆಂದರೆ, ಉಚಿತ ಅವಧಿ ಮುಗಿದಿದೆ, 150 ಡಾಲರ್ ಕಟ್ಟಿದ ಹೊರತು ಸ್ಥಳವನ್ನು ತಿಳಿಸಲಾಗದು ಎಂಬುದು. ಒಳಗೆ ಮಗುವಿದೆ, ಪರಿಸ್ಥಿತಿ ಗಂಭೀರವಾಗಿದೆ ಎಂದು ವಿವರಿಸಿದರೂ ಫಲವಾಗಲಿಲ್ಲ. ಕ್ರೆಡಿಟ್ ಕಾರ್ಡಿನ ಸಂಖ್ಯೆಯನ್ನು ಹೊಂದಿಸಿಕೊಟ್ಟ ಮೇಲೆಯೇ ಸ್ಥಳವನ್ನು ಹೇಳಲಾಯಿತು. ಅಷ್ಟರಲ್ಲಿ ಮಗುವು ಬೇರೆ ರೀತಿಯಿಂದ ಪತ್ತೆಯಾಗಿ ಕ್ಷೇಮವಾಗಿ ದೊರೆತಿತ್ತು. ತಾಯಿ ತೀವ್ರವಾಗಿ ಗಾಯಗೊಂಡಿದ್ದಳು.

ಸಂಸ್ಥೆಯು ಇದು ಗಂಭೀರ ಲೋಪವೆಂದು ಒಪ್ಪಿಕೊಂಡಿತು. ಸೇವೆಯನ್ನು ನಡೆಸುತ್ತಿದ್ದುದು ಗುತ್ತಿಗೆಯ ಬೇರೊಂದು ಸಂಸ್ಥೆ. ಪೊಲೀಸರ ತುರ್ತು ಕೋರಿಕೆಗೆ ಪ್ರತ್ಯೇಕ ಕ್ರಮವಿದ್ದು ಅದು ಪಾಲನೆಯಾಗಲಿಲ್ಲ ಎಂದು ತಿಳಿಸಿತು. ಅದೇ ವರ್ಷ, ಇತ್ತೀಚಿನ ತನ್ನ ಬಹುತೇಕ ಕಾರುಗಳಿಗೆ ತುರ್ತು ಸೇವೆಯನ್ನು ಐದು ವರ್ಷಗಳವರೆಗೆ ಉಚಿತವೆಂದು ಪ್ರಕಟಿಸಿತು. ತಪ್ಪನ್ನು ಒಪ್ಪಿ ತಿದ್ದಿಕೊಂಡದ್ದು ಮೆಚ್ಚತಕ್ಕದ್ದೇ. ಆದರೂ ಈ ಘಟನೆಯಲ್ಲಿ ತಪ್ಪು ನಿಖರವಾಗಿ ಎಲ್ಲಿತ್ತು ಎಂಬುದನ್ನು ಬಿಡಿಸಿ ನೋಡುವುದು ಅಗತ್ಯ.

ದೂರವಾಣಿಯನ್ನು ಎತ್ತಿಕೊಂಡ ನೌಕರನು ದುಷ್ಟನಾಗಿರಬೇಕೆಂದಿಲ್ಲ. ಅವನ ಮುಂದೆ ಒಂದು ನಿಯಮವಿತ್ತು. ಅದನ್ನು ಮೀರುವ ಅಧಿಕಾರ ತನಗಿಲ್ಲವೆಂದು ಅವನು ಭಾವಿಸಿರಬಹುದು. ಕರ್ನಾಟಕದ ಎಷ್ಟೋ ಅಂಗಡಿಗಳಲ್ಲಿ 'ಇಂದು ನಗದು, ನಾಳೆ ಉದ್ರಿ' ಎಂಬ ಫಲಕವನ್ನು ಕಾಣಬಹುದು. ಬೆಲ್ಲಕ್ಕೂ ಬೇಳೆಗೂ ಆ ಫಲಕವು ಸರಿಯಾದ ನಿಯಮವೇ. ಆದರೆ ಹಾವು ಕಚ್ಚಿದವನ ಮನೆಯವರು ನಡುರಾತ್ರಿಯಲ್ಲಿ ಔಷಧಿಯಂಗಡಿಯ ಬಾಗಿಲು ಬಡಿದಾಗ, ಅಂಗಡಿಯ ಹುಡುಗನು ಆ ಫಲಕದ ಕಡೆಗೆ ಬೆರಳು ತೋರಿಸಿದರೆ ಅವನನ್ನು ಕೆಲಸಗಾರನೆಂದು ಯಾರೂ ಹೊಗಳುವುದಿಲ್ಲ. ಆ ಹುಡುಗನಿಗೆ ಇಂತಹ ಹೊತ್ತಿನಲ್ಲಿ ಏನು ಮಾಡಬೇಕೆಂದು ಮೊದಲೇ ಹೇಳಿಕೊಡದ ಯಜಮಾನನ ಪಾಲು ಅದರಲ್ಲಿ ಇನ್ನೂ ದೊಡ್ಡದು. ಗುತ್ತಿಗೆಗೆ ಕೊಟ್ಟ ಮಾತ್ರಕ್ಕೆ ಯಜಮಾನನ ಹೊಣೆ ಕಳಚಿಹೋಗುವುದಿಲ್ಲ. ಸ್ವತಃ ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದ್ದನ್ನು ಅನುಮೋದಿಸುವುದು, ಇವು ಮೂರನ್ನೂ ಜೈನಾಚಾರವು ಒಂದೇ ಸಾಲಿನಲ್ಲಿ ಎಣಿಸುತ್ತದೆ.

ಇದಕ್ಕೆ ವ್ಯಾಪಾರದ ಕಡೆಯಿಂದ ಒಂದು ಬಲವಾದ ಪ್ರತಿವಾದವುಂಟು. ಚಂದಾ ಕೊಡದವನಿಗೂ ಸಂಕಟಕಾಲದಲ್ಲಿ ಸೇವೆ ಸಿಗುವುದಾದರೆ ಚಂದಾ ಕೊಡುವವರಾರು? ಎಲ್ಲರೂ ಬಿಟ್ಟರೆ ಸೇವೆಯೇ ನಿಂತುಹೋಗಿ, ಕೊನೆಗೆ ಯಾರಿಗೂ ನೆರವಿಲ್ಲದಂತಾಗುವುದಿಲ್ಲವೇ? ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಲಾಭವಿಲ್ಲದ ಅಂಗಡಿ ಬಹುಕಾಲ ತೆರೆದಿರದು. ಆದರೆ ಇದಕ್ಕೆ ಪರಿಹಾರವು ಹಣವನ್ನು ಬಿಟ್ಟುಕೊಡುವುದರಲ್ಲಿ ಇಲ್ಲ, ಅನುಕ್ರಮವನ್ನು ಬದಲಿಸುವುದರಲ್ಲಿ ಇದೆ. ಮೊದಲು ನೆರವು, ಆಮೇಲೆ ಲೆಕ್ಕ. ಕಾರಿನ ಒಡೆಯನ ಹೆಸರು, ವಿಳಾಸ ಎಲ್ಲವೂ ಸಂಸ್ಥೆಯಲ್ಲಿ ಇರುವಾಗ 150 ಡಾಲರನ್ನು ಖಾತೆಗೆ ಬರೆದುಕೊಂಡು ಮರುದಿನ ಕೇಳಬಹುದಿತ್ತು. ಬೇಕಾದರೆ ದಂಡವನ್ನೂ ಸೇರಿಸಿ ವಸೂಲು ಮಾಡಬಹುದಿತ್ತು. ಹಣವನ್ನು ಉದ್ರಿ ಬರೆಯಬಹುದು. ಪ್ರಾಣವನ್ನು ಉದ್ರಿ ಬರೆಯಲಾಗದು.

ಎರಡನೆಯ ಅಂಶವು ಇನ್ನೂ ಸೂಕ್ಷ್ಮವಾದುದು. ನೆರವು ನೀಡುವ ಶಕ್ತಿಯಿಲ್ಲದವನು ನೆರವಾಗದಿರುವುದಕ್ಕೂ, ಶಕ್ತಿಯನ್ನು ಕೈಯಲ್ಲಿಟ್ಟುಕೊಂಡವನು ಅದನ್ನು ತಡೆಹಿಡಿಯುವುದಕ್ಕೂ ಭೇದವಿದೆ. ಇಂತಹ ಸಾಧನವನ್ನೇ ಅಳವಡಿಸದ ತಯಾರಕನಿಗೆ ಆ ದಿನ ಯಾವ ಹೊಣೆಯೂ ಇರುತ್ತಿರಲಿಲ್ಲ. ಅಳವಡಿಸಿ, 'ಸಂಕಟದಲ್ಲಿ ಜೊತೆಗಿರುತ್ತೇವೆ' ಎಂಬ ನಂಬಿಕೆ ಹುಟ್ಟಿಸಿ ಕಾರನ್ನು ಮಾರಿದವನಿಗೆ ಹೊಣೆ ಹುಟ್ಟಿಕೊಂಡಿತು. ಸಾಧನವು ಕಾರಿನಲ್ಲಿಯೇ ಇತ್ತು. ಸ್ಥಳವನ್ನು ತಿಳಿದು ಹೇಳುವುದಕ್ಕೆ ಹೆಚ್ಚಿನ ಖರ್ಚೂ ಇರಲಿಲ್ಲ. ತನಗೆ ನಷ್ಟವಿಲ್ಲದೆ ಮಾಡಬಹುದಾದ ಉಪಕಾರವನ್ನು ಬೆಲೆ ಹೆಚ್ಚಿಸುವ ಸಾಧನವಾಗಿ ಬಳಸುವುದು ವ್ಯಾಪಾರವಲ್ಲ, ಇನ್ನೊಬ್ಬನ ಭಯದ ಮೇಲಿನ ವಸೂಲಿ. ಅನ್ನ, ಔಷಧ, ಶಾಸ್ತ್ರಗಳ ಜೊತೆಗೆ ಅಭಯವನ್ನು ದಾನಗಳ ಸಾಲಿನಲ್ಲಿ ಹಿರಿಯರು ಸೇರಿಸಿದ್ದಾರೆ. ಅನ್ನವನ್ನೂ ಔಷಧವನ್ನೂ ಮಾರುವ ಅಂಗಡಿಗಳಿರುವಂತೆ ಅಭಯವನ್ನು ಮಾರುವ ಅಂಗಡಿಯೂ ಇರಬಹುದು; ಆದರೆ ಹಸಿದು ಬಾಗಿಲಿಗೆ ಬಿದ್ದವನೆದುರು ಅನ್ನದ ಅಂಗಡಿಗೆ ಇರುವ ಕರ್ತವ್ಯವೇ ಭಯಗ್ರಸ್ತನೆದುರು ಈ ಅಂಗಡಿಗೂ ಇದೆ.

ಯೂರೋಪಿನ ಮಾರ್ಗ

ಯೂರೋಪಿಯನ್ ಒಕ್ಕೂಟವು ಈ ಪ್ರಶ್ನೆಗೆ ಕಾನೂನಿನ ಮೂಲಕ ಉತ್ತರಿಸಿತು. 2015ರಲ್ಲಿ ಅಂಗೀಕರಿಸಿದ ನಿಯಮದಂತೆ, 2018ರ ಮಾರ್ಚ್ 31ರಿಂದ ಅಲ್ಲಿ ಅನುಮೋದನೆ ಪಡೆಯುವ ಹೊಸ ಮಾದರಿಯ ಕಾರುಗಳಿಗೂ ಹಗುರ ವ್ಯಾನುಗಳಿಗೂ 'ಇ-ಕಾಲ್' ಎಂಬ ವ್ಯವಸ್ಥೆ ಕಡ್ಡಾಯವಾಯಿತು. ಭಾರಿ ಅಪಘಾತವಾದೊಡನೆ ಕಾರು ತಾನಾಗಿಯೇ 112ಕ್ಕೆ ಕರೆ ಮಾಡಿ, ಸ್ಥಳ, ವೇಳೆ, ಸಾಗುತ್ತಿದ್ದ ದಿಕ್ಕು ಮುಂತಾದ ಕನಿಷ್ಠ ವಿವರಗಳನ್ನು ಕಳುಹಿಸುತ್ತದೆ. ಇದಕ್ಕೆ ಚಂದಾ ಇಲ್ಲ. ದೊಡ್ಡ ಕಾರು, ಸಣ್ಣ ಕಾರು ಎಂಬ ಭೇದವೂ ಇಲ್ಲ. ತಯಾರಕರು ತಮ್ಮದೇ ಸೇವೆಯನ್ನು ಮಾರಬಹುದು. ಆದರೆ ಅದನ್ನು ಬಿಟ್ಟು ಸಾರ್ವಜನಿಕ ವ್ಯವಸ್ಥೆಯನ್ನೇ ಆರಿಸಿಕೊಳ್ಳುವ ಹಕ್ಕು ಒಡೆಯನಿಗಿದೆ. ನೆರವು ಮುಟ್ಟುವ ವೇಳೆಯು ನಗರಗಳಲ್ಲಿ ನೂರಕ್ಕೆ 40ರಷ್ಟು, ಗ್ರಾಮಪ್ರದೇಶಗಳಲ್ಲಿ ನೂರಕ್ಕೆ 50ರಷ್ಟು ಕಡಿಮೆಯಾಗಬಹುದೆಂದು ಒಕ್ಕೂಟದ ಆಯೋಗವು ಅಂದಾಜು ಮಾಡಿತ್ತು. ಸಿರಿವಂತರ ಕಾರಿನಲ್ಲಿ ಹುಟ್ಟಿದ ಸೌಕರ್ಯವೊಂದು ಎರಡು ದಶಕಗಳಲ್ಲಿ ಸಾಮಾನ್ಯರ ಹಕ್ಕಾಗಿ ಪರಿಣಮಿಸಿದ್ದು ಹೀಗೆ.

ಸಾರ್ವಜನಿಕ ನಿಯಮದ ಅಗತ್ಯಕ್ಕೆ ಇನ್ನೊಂದು ಕಾರಣವೂ ಇದೆ. ಕಾರಿನ ಆಯುಷ್ಯವು ದೂರವಾಣಿ ಜಾಲದ ಆಯುಷ್ಯಕ್ಕಿಂತ ದೀರ್ಘವಾದುದು. ಅಮೆರಿಕದಲ್ಲಿ ಹಳೆಯ ಮೊಬೈಲ್ ಜಾಲವು 2008ರ ಆರಂಭದಲ್ಲಿ ಮುಚ್ಚಿದಾಗ, ಅದನ್ನೇ ನೆಚ್ಚಿದ್ದ ಆನ್‌ಸ್ಟಾರ್ ಸಾಧನಗಳು ಮೂಕವಾದವು. 2022ರಲ್ಲಿ ಮೂರನೆಯ ಪೀಳಿಗೆಯ ಜಾಲ ಮುಚ್ಚಿದಾಗ ಬೇರೆ ಬೇರೆ ತಯಾರಕರ ಅನೇಕ ಕಾರುಗಳಿಗೆ ಅದೇ ಗತಿ ಬಂತು. ಗುಂಡಿಯು ಇದ್ದಲ್ಲಿಯೇ ಇರುತ್ತದೆ, ಒತ್ತಿದರೆ ಕೇಳುವವರಿರುವುದಿಲ್ಲ. ಇಂತಹ ಭರವಸೆಯನ್ನು ಮಾರುವವನು ಅದು ಎಂದಿನವರೆಗೆ ಉಳಿಯುತ್ತದೆಂಬುದನ್ನೂ ಸ್ಪಷ್ಟವಾಗಿ ಹೇಳತಕ್ಕದ್ದು.

ನ್ಯಾಸದ ಪ್ರಶ್ನೆ

ಸಂಕಟದಲ್ಲಿ ಕೇಳುವ ಕಿವಿಯು ಸಂಕಟವಿಲ್ಲದಾಗಲೂ ಕೇಳುತ್ತಿದ್ದರೆ? ಕಾರು ಎಲ್ಲಿ ಹೋಯಿತು, ಎಷ್ಟು ವೇಗದಲ್ಲಿ ಹೋಯಿತು, ಎಷ್ಟು ಸಲ ಬಲವಾಗಿ ಬ್ರೇಕು ಹಾಕಿತು ಎಂಬುದೆಲ್ಲವೂ ತಯಾರಕನಿಗೆ ತಿಳಿಯಬಲ್ಲದು. ಜನರಲ್ ಮೋಟಾರ್ಸ್ ಸಂಸ್ಥೆಯು ಚಾಲಕರ ಇಂತಹ ವಿವರಗಳನ್ನು ದತ್ತಾಂಶ ಕಂಪನಿಗಳಿಗೆ ಕೊಡುತ್ತಿದ್ದುದೂ, ಅವುಗಳ ಮೂಲಕ ವಿಮಾ ಕಂಪನಿಗಳಿಗೆ ಅವು ಮುಟ್ಟುತ್ತಿದ್ದುದೂ 2024ರ ಮಾರ್ಚ್‌ನಲ್ಲಿ ಪತ್ರಿಕೆಗಳ ಮೂಲಕ ಬೆಳಕಿಗೆ ಬಂದವು. ಸಂಸ್ಥೆಯು ಆ ಪದ್ಧತಿಯನ್ನು ನಿಲ್ಲಿಸಿತು. 2025ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್, ಐದು ವರ್ಷಗಳ ಕಾಲ ಅಂತಹ ಕಂಪನಿಗಳಿಗೆ ಈ ವಿವರಗಳನ್ನು ಕೊಡಬಾರದೆಂಬ ಷರತ್ತುಗಳನ್ನು ಪ್ರಕಟಿಸಿತು.

ಇಟ್ಟುಕೊಳ್ಳಲು ಕೊಟ್ಟ ಅಡವನ್ನೋ ಒಡವೆಯನ್ನೋ ತನ್ನದಾಗಿಸಿಕೊಳ್ಳುವುದನ್ನು ನ್ಯಾಸಾಪಹಾರವೆಂದು ಕರೆದು, ಸತ್ಯಾಣುವ್ರತದ ಅತಿಚಾರಗಳಲ್ಲಿ ತತ್ತ್ವಾರ್ಥಸೂತ್ರವು ಎಣಿಸಿದೆ. ಅದನ್ನು ಬರಿಯ ಕಳ್ಳತನವೆನ್ನದೆ ಸತ್ಯದ ಭಂಗವೆಂದು ಎಣಿಸಿರುವುದು ಗಮನಾರ್ಹ. ಏಕೆಂದರೆ ಅಲ್ಲಿ ಮುರಿಯುವುದು ಕೊಟ್ಟ ಮಾತು. ಪ್ರಾಣರಕ್ಷಣೆಗೆಂದು ಒಪ್ಪಿಸಿದ ವಿವರವೂ ಒಂದು ನ್ಯಾಸವೇ. ಅದನ್ನು ಬೇರೊಬ್ಬರಿಗೆ ಮಾರುವುದು ನೆಲಮಾಳಿಗೆಯಲ್ಲಿ ಇರಿಸಲು ಕೊಟ್ಟ ಪೆಟ್ಟಿಗೆಯನ್ನು ತೆರೆದು ನೋಡಿದಂತೆ. ಯೂರೋಪಿನ ನಿಯಮದಲ್ಲಿ, ಅಪಘಾತವಾಗುವವರೆಗೆ ವಾಹನವನ್ನು ಹಿಂಬಾಲಿಸುವಂತಿಲ್ಲ ಎಂದು ಕಟ್ಟುಪಾಡು ಹಾಕಿರುವುದು ಈ ದೃಷ್ಟಿಯಿಂದ ವಿವೇಕದ ನಡೆ.

ಕಾರಿನ ಹೊರಗಿರುವವರು

ಕೊನೆಯದಾಗಿ, ಈ ವ್ಯವಸ್ಥೆಯು ಯಾರನ್ನು ನೋಡುವುದಿಲ್ಲ ಎಂಬುದನ್ನೂ ನೋಡಬೇಕು. ಭಾರತ ಸರ್ಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಮೃತರಾದರು. ಇವರಲ್ಲಿ ನೂರಕ್ಕೆ 44.5ರಷ್ಟು ದ್ವಿಚಕ್ರ ವಾಹನದವರು, 19.5ರಷ್ಟು ಪಾದಚಾರಿಗಳು. ಅಂದರೆ ಮೃತರಾದ ಪ್ರತಿ ಮೂವರಲ್ಲಿ ಸುಮಾರು ಇಬ್ಬರಿಗೆ ಏರ್‌ಬ್ಯಾಗೂ ಇರಲಿಲ್ಲ, ಉಪಗ್ರಹದ ಕಣ್ಣೂ ಇರಲಿಲ್ಲ. ಭಾರತದಲ್ಲಿ ಮಾರಾಟವಾಗುವ ದುಬಾರಿ ಕಾರುಗಳಲ್ಲಿಯೂ, 2019ರಿಂದೀಚೆಗೆ ಕೆಲವು ಮಧ್ಯಮ ಬೆಲೆಯ ಕಾರುಗಳಲ್ಲಿಯೂ ತುರ್ತು ಕರೆಯ ಗುಂಡಿ ಬಂದಿದೆ. ಅದು ಕಾಯುವುದು ಉಕ್ಕಿನ ಕವಚದೊಳಗೆ ಕುಳಿತವನನ್ನು, ಕವಚವಿಲ್ಲದವನನ್ನು ಅಲ್ಲ.

ಹಾಗೆಂದು ಅದನ್ನು ಸ್ವಾರ್ಥದ ಸಾಧನವೆಂದು ಹಳಿಯಬೇಕಾಗಿಲ್ಲ. ಆ ಗುಂಡಿಯನ್ನು ಒತ್ತುವ ಬೆರಳು ಒಡೆಯನದ್ದಾದರೂ, ಯಾರಿಗಾಗಿ ಒತ್ತಬೇಕೆಂಬುದು ಅವನ ಇಚ್ಛೆಗೆ ಬಿಟ್ಟದ್ದು. ಇ-ಕಾಲ್ ವ್ಯವಸ್ಥೆಯಲ್ಲಿ, ದಾರಿಯಲ್ಲಿ ಕಂಡ ಬೇರೆಯವರ ಅಪಘಾತವನ್ನು ತಿಳಿಸಲು ಸಹ ಆ ಗುಂಡಿಯನ್ನು ಒತ್ತಬಹುದು. ಸ್ಥಳವನ್ನು ತಾನೇ ಹೇಳಬಲ್ಲ ಕಾರು ರಸ್ತೆಯ ಪಕ್ಕದಲ್ಲಿ ಬಿದ್ದ ಅಪರಿಚಿತನ ಬಳಿ ನಿಂತರೆ, ಆ ಸೌಲಭ್ಯವು ಆ ಕ್ಷಣಕ್ಕೆ ಅವನದ್ದೂ ಆಗುತ್ತದೆ. ತನಗೆಂದು ಕೊಂಡದ್ದು ಪರರಿಗೆ ಒದಗಿದಾಗಲೇ ಹಿಂದೆ ಹೇಳಿದ ಭಾವದ ಕೊರತೆಯು ತುಂಬುತ್ತದೆ.

ನಿಂತರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯವು ಅನೇಕರನ್ನು ಮುಂದೆ ಸಾಗುವಂತೆ ಮಾಡುತ್ತಿತ್ತು. ಆ ಭಯಕ್ಕೆ ಈಗ ಆಧಾರವಿಲ್ಲ. 2016ರಲ್ಲಿ ಸುಪ್ರೀಂ ಕೋರ್ಟು ನೆರವಾಗುವವರ ರಕ್ಷಣೆಯ ಮಾರ್ಗಸೂಚಿಗಳನ್ನು ಬಂಧನಕಾರಿಯಾಗಿಸಿತು. ಕರ್ನಾಟಕವು ಅದೇ ವಿಷಯದಲ್ಲಿ ತನ್ನದೇ ಕಾಯ್ದೆಯನ್ನು ರೂಪಿಸಿತು. 2019ರ ತಿದ್ದುಪಡಿಯು ಮೋಟಾರು ವಾಹನ ಕಾಯ್ದೆಯಲ್ಲಿಯೇ ಈ ರಕ್ಷಣೆಯನ್ನು ಸೇರಿಸಿತು. ಕರ್ನಾಟಕದಲ್ಲಿ 108ರ ಆಂಬುಲೆನ್ಸ್ ಸೇವೆಯು 2008ರ ನವೆಂಬರ್ 1ರಂದು ಆರಂಭವಾಯಿತು. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಗಳ ಮಿತಿಯಲ್ಲಿ, ಮುಂಗಡ ಹಣವಿಲ್ಲದೆ ಚಿಕಿತ್ಸೆ ದೊರೆಯುವ ಯೋಜನೆಯನ್ನು ಪ್ರಕಟಿಸಿತು. ಮೊದಲು ನೆರವು, ಆಮೇಲೆ ಲೆಕ್ಕ ಎಂಬ ನ್ಯಾಯವನ್ನೇ ಇದೂ ಅನುಸರಿಸಿದೆ.

ಆದ್ದರಿಂದ ಇಂತಹ ಕಾರನ್ನು ಕೊಳ್ಳುವ ಕುಟುಂಬವು ಕೆಲವು ವಿಷಯಗಳನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಉಚಿತ ಅವಧಿ ಎಂದು ಮುಗಿಯುತ್ತದೆ? ಮುಗಿದ ಮೇಲೆ ತುರ್ತು ಕರೆಗೆ ಉತ್ತರ ಬರುವುದೇ? ವಿವರಗಳು ಯಾರ ಕೈ ಸೇರುತ್ತವೆ? ಗುಂಡಿಯ ಉಪಯೋಗವನ್ನು ಚಾಲಕನಿಗೂ ಮನೆಯ ಮಕ್ಕಳಿಗೂ ಕಲಿಸಿಡಬೇಕು. ಅದು ಅಪರಿಚಿತರಿಗಾಗಿಯೂ ಇದೆಯೆಂದು ಹೇಳಿಕೊಡಬೇಕು. ಯಾತ್ರಿಕರಿಗಾಗಿ ವಾಹನಗಳನ್ನು ನಡೆಸುವ ಬಸದಿಗಳ ಟ್ರಸ್ಟುಗಳು, 2019ರಿಂದ ಹೊಸ ಸಾರ್ವಜನಿಕ ವಾಹನಗಳಿಗೆ ಕಡ್ಡಾಯವಾದ ತುರ್ತು ಗುಂಡಿಯು ತಮ್ಮ ಬಸ್ಸುಗಳಲ್ಲಿ ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸುವುದು ಕರ್ತವ್ಯ. ಗೋಡೆಗೆ ಅಂಟಿಸಿದ ಗುಂಡಿಯಿಂದ ಕಾಯ್ದೆಯ ಪಾಲನೆಯಾಗಬಹುದು, ಯಾತ್ರಿಕನ ರಕ್ಷಣೆಯಾಗದು.

ಸಾರ್ಥದಲ್ಲಿ ನಡೆಯುತ್ತಿದ್ದ ವರ್ತಕರು ಸಾರ್ಥವಾಹನಿಗೆ ತಮ್ಮ ಪಾಲಿನ ಹಣವನ್ನು ಕೊಡುತ್ತಿದ್ದಿರಬಹುದು, ಅದರಲ್ಲಿ ತಪ್ಪಿಲ್ಲ. ಆದರೆ ದಾರಿಯಲ್ಲಿ ಬಿದ್ದವನೊಬ್ಬನು ಕೂಗಿದಾಗ, ಅವನ ಪಾಲು ಸಂದಿದೆಯೇ ಎಂದು ಕಿರ್ದಿಯನ್ನು ತೆರೆದು ನೋಡುವ ಸಾರ್ಥವಾಹನನ್ನು ಯಾರೂ ಎರಡನೆಯ ಪ್ರಯಾಣಕ್ಕೆ ಮುಂದಿಟ್ಟುಕೊಳ್ಳುತ್ತಿರಲಿಲ್ಲ. ಯಂತ್ರವು ಹೊಸದು, ದಾರಿ ಹೊಸದು, ಕೂಗು ಮಾತ್ರ ಹಳೆಯದೇ. ಅದಕ್ಕೆ ಮೊದಲು ಓಗೊಟ್ಟು, ಆಮೇಲೆ ಕಿರ್ದಿಯನ್ನು ತೆರೆಯುವವನ ವ್ಯಾಪಾರವೇ ಧರ್ಮಕ್ಕೆ ಸಮ್ಮತವಾದ ವ್ಯಾಪಾರ.